ಶರೀಫಜ್ಜನ ಪದಕ್ಕೆ ಗಿಟಾರ್ ಹಿಡಿದ್ರೆ ತಪ್ಪಾ?

ಪ್ರಶ್ನೆ: ನಾವು ವಿಜಯನಗರದಲ್ಲಿರೋದು, ಮೂಲ ಊರು ಹಾವೇರಿ ಕಡೆ. ರಘು ದೀಕ್ಷಿತ್ ಹಾಡಿರೋ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಕಿದ್ರೆ ನಮ್ಮಪ್ಪಾಜಿ ಆಫ್ ಮಾಡಿಸ್ತಾರೆ, ತತ್ವಪದನ ಡ್ರಮ್ಸ್ ಬಡಿದು ಕೆಡಿಸಿದಾರೆ ಅಂತಾರೆ. ಈ ಜಾನಪದ ರಾಕ್ ಎಲ್ಲಿಂದ ಬಂತು, ಅಪ್ಪಾಜಿ ಹೇಳೋದು ಸರೀನಾ?

ಉತ್ತರ: ಅಪ್ಪಾಜಿ ಸಿಟ್ಟು ನಂಗೆ ಅರ್ಥ ಆಗುತ್ತೆ, ನಿಮ್ಮ ಕಡೆ ಶರೀಫಜ್ಜ ಅಂದ್ರೆ ಮನೆ ಹಿರಿಯರಿದ್ದ ಹಾಗೆ. ಆದ್ರೆ ಒಂದು ಕೇಳಿ ನೋಡಿ, ಅವರ ಕಿವೀಲಿರೋ 'ಒರಿಜಿನಲ್' ಧಾಟಿ ಯಾರದು? ನಮ್ಮಲ್ಲಿ ಬಹಳ ಜನಕ್ಕೆ ಅದು ಸಿ. ಅಶ್ವತ್ಥ್ ಅವರ ದನಿ. ಶರೀಫರು ಇದ್ದಿದ್ದು 1819ರಿಂದ 1889ರ ತನಕ, ಅಶ್ವತ್ಥ್ ಸಂಗೀತ ಕೊಟ್ಟ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಿದ್ದು 1990ರಲ್ಲಿ, ಮಧ್ಯೆ ನೂರು ವರ್ಷ ಆ ಪದಗಳು ಬಾಯಿಂದ ಬಾಯಿಗೆ ಭಜನೆ ಮನೆಗಳಲ್ಲಿ ಏಕತಾರಿ ದಮ್ಮಡಿ ತಾಳ ಹಿಡ್ಕೊಂಡು ಊರಿಗೊಂದು ಥರ ಓಡಾಡಿವೆ. ಅಂದ್ರೆ ಧಾಟಿ ಬದಲಾಗ್ತಾನೇ ಬದುಕಿದೆ. ನಾನು ಅಶ್ವತ್ಥ್ ಅವರ ದೊಡ್ಡ ಅಭಿಮಾನಿ, ಅವರು ಎದೆ ತುಂಬಿ ಎತ್ತೋ ಸ್ವರಕ್ಕೆ ಇವತ್ತಿಗೂ ರೋಮಾಂಚನ ಆಗುತ್ತೆ, ಆದ್ರೂ ಅದೊಂದೇ ದಾರಿ ಅಂತ ನಾನು ಒಪ್ಪಲ್ಲ.

ಇನ್ನು ಬೆಂಗಳೂರಲ್ಲಿ ರಾಕ್ ಅಂದ್ರೆ ಬಹಳ ವರ್ಷ ಇಂಗ್ಲಿಷೇ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಕೂಡ ಇದೇ ಊರಿನವರು, ಹಾಡು ಇಂಗ್ಲಿಷು. 2007ರ ಮಾರ್ಚಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಕಪ್ಪು ಟೀ ಶರ್ಟ್ ಹಾಕ್ಕೊಂಡು ಹೋದ ಹುಡುಗರಲ್ಲಿ ಮನೇಲಿ ಕನ್ನಡ ಮಾತಾಡೋರು ಎಷ್ಟೋ ಜನ, ಆದ್ರೆ ಅವರ ಸಂಗೀತಕ್ಕೂ ಮನೆ ಭಾಷೆಗೂ ಸಂಬಂಧಾನೇ ಇರ್ಲಿಲ್ಲ. ಆ ಗೋಡೆ ಒಡೆದಿದ್ದು ಮೈಸೂರಿನಿಂದ ಬಂದ ಅಣ್ಣ ತಮ್ಮ. ಅಣ್ಣ ರಘು ದೀಕ್ಷಿತ್ ಮೊದಲು ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದ್ರು, ಆಮೇಲೆ 2008ರ ಆಲ್ಬಮ್ಮಲ್ಲಿ 'ಗುಡುಗುಡಿಯ', 'ಸೋರುತಿಹುದು' ಎರಡೂ ಬಂತು, ಅದೇ ವರ್ಷ 'ಸೈಕೋ' ಸಿನಿಮಾಗೆ ಮಾಡಿದ 'ನಿನ್ನ ಪೂಜೆಗೆ ಬಂದೆ ಮಾದೇಶ್ವರ' ಊರೂರಿಗೆ ಹೋಯ್ತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಹಬ್ಬದಲ್ಲೂ ಹಾಡಿ ಬಂದ್ರು. ತಮ್ಮ ವಾಸು ದೀಕ್ಷಿತ್ ಅವರ ಬ್ಯಾಂಡ್ ಸ್ವರಾತ್ಮ 2002ರಿಂದ ಇದೆ, ಮೊದಲ ಆಲ್ಬಮ್ 2009ರದ್ದು, ವಾಸು ಸೊಂಟಕ್ಕೆ ಬಣ್ಣಬಣ್ಣದ ಕೀಲುಕುದುರೆ ಕಟ್ಕೊಂಡು ಸ್ಟೇಜ್ ಮೇಲೆ ಬಂದ್ರೆ ಜಾತ್ರೆ ನೆನಪಾಗುತ್ತೆ.

ಕೆಡಿಸಿದಾರಾ ಅನ್ನೋದಕ್ಕೆ ಪದದ ಅರ್ಥ ಹಿಡ್ಕೊಂಡು ನೋಡಿ. ಮನಸ್ಸು ಅನ್ನೋ ಸಂಚಿ ಬಿಚ್ಚು, ಬುದ್ಧಿ ಅನ್ನೋ ಬೆಂಕಿ ಇಡು, ಒಳಗಿನ ರೋಗ ಬಿಟ್ಟುಬಿಡು ಅಂತ ಗುಡುಗುಡಿ ಸೇದೋದನ್ನೇ ಹೋಲಿಕೆ ಮಾಡಿ ಹೇಳಿದ ಮಾತದು, ಅದನ್ನ ಪಿಸುಗುಟ್ಟಿ ಹಾಡೋಕೆ ಬರಲ್ಲ, ಎದ್ದು ಕುಣಿಯೋ ಗತ್ತು ಅದ್ರಲ್ಲೇ ಇದೆ. ಒಂದ್ಸಲ ಬಯಲು ರಂಗಮಂದಿರದ ಪ್ರೋಗ್ರಾಮಲ್ಲಿ ನನ್ನ ಪಕ್ಕ ಒಬ್ಬ ಯಜಮಾನ್ರು ಟೋಪಿ ಮಡಿಲಲ್ಲಿಟ್ಕೊಂಡು ಕಣ್ಣು ಮುಚ್ಚಿ ಕೂತಿದ್ರು, ಸ್ಪೀಕರ್ ಸದ್ದಿಗೆ ಬೇಜಾರಾಗಿದಾರೆ ಅನ್ಕೊಂಡೆ, ನೋಡಿದ್ರೆ ಎರಡನೇ ನುಡಿ ಬಂದಾಗ ಗಾಯಕನಿಗಿಂತ ಮುಂಚೇನೇ ಅವರ ತುಟಿ ಅಲ್ಲಾಡ್ತಿತ್ತು, ಬೆರಳು ತೊಡೆ ಮೇಲೆ ತಾಳ ಹಾಕ್ತಿತ್ತು. ಮುಂದಿನ ಸಾಲಲ್ಲಿ ಕಾಲೇಜ್ ಹುಡುಗೀರು ಪಲ್ಲವಿ ಮಾತ್ರ ಕಿರುಚ್ತಿದ್ರು, ನುಡಿ ಅವರಿಗೆ ಬರ್ತಿರ್ಲಿಲ್ಲ. ಪಲ್ಲವಿ ಹಿಡಿಸಿದೋರು ನುಡಿ ಹುಡುಕ್ಕೊಂಡು ಬರ್ತಾರೆ, ಹಾಗೆ ಬಂದೋರನ್ನ ನಾನು ನೋಡಿದೀನಿ. ಒಂದು ತಕರಾರು ಮಾತ್ರ ನನ್ನದೂ ಇದೆ: ಡ್ರಮ್ಸ್ ಜೋರು ಮಾಡಿ ಮಾತು ಮುಚ್ಚಿಹೋದ್ರೆ ಅದು ತತ್ವಪದ ಅಲ್ಲ, ಆಗ ಅಪ್ಪಾಜಿ ಕಡೆ ನಾನೂ ಸೇರ್ತೀನಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಗಿಟಾರ್ ಕಲೀತಿದ್ದಾಳೆ. ಜಾನಪದ ನುಡಿಸು ಅಂದ್ರೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಲ್ಲಿ ಚೇಂಜ್ ಮಾಡ್ಬೇಕು ಗೊತ್ತಾಗಲ್ಲ ಅಂತಾಳೆ. (ಮಲ್ಲೇಶ್ವರದ ಓದುಗರು)

ಉತ್ತರ: ಚೇಂಜ್ ಮಾಡ್ಲೇಬೇಕು ಅಂತ ಏನಿಲ್ಲಮ್ಮ, ಏಕತಾರೀಲಿ ಇರೋದೇ ಒಂದು ತಂತಿ. ಅವಳಿಗೆ ಪವರ್ ಕಾರ್ಡ್ ಹಿಡಿಯೋಕೆ ಹೇಳಿ, ಅದ್ರಲ್ಲಿ ಗಾಂಧಾರ (ಗ) ಇರಲ್ಲ, ಬರೀ ಷಡ್ಜ ಪಂಚಮ (ಸ, ಪ), ಹೆಚ್ಚುಕಮ್ಮಿ ನಮ್ಮ ತಂಬೂರಿ ಶ್ರುತೀನೇ, ಹಾಗಾಗಿ ಹಾಡಿನ ಗಾಂಧಾರ ಯಾವುದಿದ್ರೂ ಜಗಳ ಬರಲ್ಲ. ಮೊದಲು ಗಿಟಾರ್ ಕೆಳಗಿಟ್ಟು ಚಪ್ಪಾಳೆ ತಟ್ಕೊಂಡು ಎರಡು ನುಡಿ ಪೂರ್ತಿ ಹಾಡ್ಲಿ, ಅವಳ ದನಿ ಆರಾಮಾಗಿ ಎಲ್ಲಿ ನಿಲ್ಲುತ್ತೋ ಆ ಶ್ರುತಿಗೆ ಕೇಪೋ (ತಂತಿಗಳನ್ನ ಒತ್ತಿಹಿಡಿದು ಶ್ರುತಿ ಏರಿಸೋ ಕ್ಲಿಪ್ಪು) ಹಾಕ್ಲಿ, ಆಮೇಲೆ ಬಲಗೈಯಲ್ಲಿ ದಮ್ಮಡಿ ಪೆಟ್ಟಿನ ಥರಾನೇ ಸ್ಟ್ರಮ್ ಮಾಡ್ಲಿ. ಪಲ್ಲವಿಗೆ ವಾಪಸ್ ಬರೋ ಜಾಗದಲ್ಲಿ ಒಂದೇ ಒಂದು ಕಾರ್ಡ್ ಬದಲಿಸಿದ್ರೆ ಸಾಕು, ಅದೆಲ್ಲಿ ಅನ್ನೋದು ಹಾಡ್ತಾ ಹಾಡ್ತಾ ಅವಳಿಗೇ ಗೊತ್ತಾಗುತ್ತೆ.