ಓದುಗರ ಪ್ರಶ್ನೆ: ಈ ಇಂಟೆಗ್ರಲ್‌ಗೆ ಬೆಲೆ ಇದೆಯೇ, ಇಲ್ಲವೇ?

ಪ್ರಶ್ನೆ: 1/ಎಕ್ಸ್ ಅನ್ನು 1ರಿಂದ ಅನಂತದವರೆಗೆ ಇಂಟೆಗ್ರೇಟ್ ಮಾಡಿದರೆ (ರೇಖೆಯ ಕೆಳಗಿನ ವಿಸ್ತೀರ್ಣ ತೆಗೆದರೆ) ಡೈವರ್ಜ್ ಆಗುತ್ತದೆ, ಅಂದರೆ ಮಿತಿಯಿಲ್ಲದೆ ಬೆಳೆಯುತ್ತದೆ ಎಂದು ಪಾಠದಲ್ಲಿದೆ. ಕಂಪ್ಯೂಟರ್‌ನಲ್ಲಿ ಹತ್ತು ಲಕ್ಷದವರೆಗೆ ಲೆಕ್ಕ ಹಾಕಿದೆ, ಬಂದದ್ದು ಬರೀ 13.8. ಇದು ಎಲ್ಲಾದರೂ ನಿಲ್ಲಲೇಬೇಕಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಲ್ಲುವುದಿಲ್ಲ. ಮೇಲಿನ ತುದಿಯನ್ನು ಹತ್ತುಪಟ್ಟು ಮಾಡಿದಾಗಲೆಲ್ಲ ಉತ್ತರಕ್ಕೆ 2.303 ಸೇರುತ್ತದೆ. ಒಂದು ಕೋಟಿಗೆ 16.1, ಹತ್ತು ಕೋಟಿಗೆ 18.4. ಈ ಹೆಚ್ಚಳ ಎಂದೂ ಕುಗ್ಗುವುದಿಲ್ಲವಾದ್ದರಿಂದ ನೀವು ಯಾವ ಗಡಿ ಹಾಕಿದರೂ ಅದು ಒಂದು ದಿನ ದಾಟುತ್ತದೆ.

ಈಗ ಎಕ್ಸ್‌ನ ಘಾತವನ್ನು 1ರ ಬದಲು 1.01 ಮಾಡಿ ನೋಡಿ. ಹತ್ತು ಲಕ್ಷದವರೆಗೆ ಬರುವುದು 12.9. ಮೊದಲಿನದಕ್ಕೂ ಇದಕ್ಕೂ ಒಂದರಷ್ಟೂ ಅಂತರವಿಲ್ಲ. ಆದರೂ ಇದು ಕನ್ವರ್ಜ್ ಆಗುತ್ತದೆ, ಅಂದರೆ ಒಂದು ನಿಶ್ಚಿತ ಬೆಲೆಗೆ ನಿಲ್ಲುತ್ತದೆ. ಆ ಬೆಲೆ ಕರಾರುವಾಕ್ಕಾಗಿ 100. ಹತ್ತು ಲಕ್ಷ ದಾಟಿದ ಮೇಲೂ ನೂರರಲ್ಲಿ 87 ಪಾಲು ಮುಂದೆಯೇ ಉಳಿದಿದೆ. ಹಾಗಾಗಿ ಯಂತ್ರದ ಅಂಕಿ ನೋಡಿ ತೀರ್ಮಾನಿಸಬೇಡಿ, ಘಾತ ನೋಡಿ. ಅನಂತದ ಕಡೆ ಘಾತ 1ಕ್ಕಿಂತ ಹೆಚ್ಚಿದ್ದರೆ ಮಾತ್ರ ಕನ್ವರ್ಜ್.

ಪ್ರಶ್ನೆ: 1/ಎಕ್ಸ್² ಅನ್ನು −1ರಿಂದ 1ರವರೆಗೆ ಮಾಡಿದರೆ ನನಗೆ −2 ಬಂತು. ಉತ್ತರಪುಟದಲ್ಲಿ ‘ಡೈವರ್ಜ್’ ಎಂದಿದೆ.
– ಓದುಗರು, ಹಾಸನ

ಉತ್ತರ: ರೇಖೆ ಪೂರ್ತಿ ಅಕ್ಷಕ್ಕಿಂತ ಮೇಲೇ ಇರುವಾಗ ವಿಸ್ತೀರ್ಣ ಋಣವಾಗುವುದು ಹೇಗೆ? ಅಲ್ಲೇ ಅನುಮಾನ ಬರಬೇಕಿತ್ತು. ನಡುವೆ 0 ಇದೆ, ಅಲ್ಲಿ ಛೇದ ಸೊನ್ನೆಯಾಗುತ್ತದೆ. ಎರಡು ತುದಿಯ ಬೆಲೆ ಹಾಕಿ ಕಳೆಯುವ ಸೂತ್ರ ಇಲ್ಲಿ ನಡೆಯುವುದಿಲ್ಲ. 0ಯಲ್ಲಿ ಎರಡು ತುಂಡು ಮಾಡಿ. ಬಲಗಡೆಯ ತುಂಡನ್ನು 0.01ರಿಂದ ಶುರು ಮಾಡಿದರೆ 99, 0.001ರಿಂದ ಶುರು ಮಾಡಿದರೆ 999. ಒಂದು ತುಂಡು ಡೈವರ್ಜ್ ಆದರೆ ಸಾಕು, ಇಡೀ ಇಂಟೆಗ್ರಲ್ ಹೋದಂತೆ.

ಪ್ರಶ್ನೆ: 0ಯಿಂದ ಅನಂತದವರೆಗೆ 1/(√ಎಕ್ಸ್ (1+ಎಕ್ಸ್)). ಇದನ್ನು ಯಾವುದರ ಜೊತೆ ಹೋಲಿಸಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಒಂದೇ ಹೋಲಿಕೆ ಸಾಲದು, ಎರಡು ತುದಿಯಲ್ಲೂ ತೊಂದರೆಯಿದೆ. 1ರಲ್ಲಿ ಮುರಿಯಿರಿ. 0ಯಿಂದ 1ರವರೆಗೆ (1+ಎಕ್ಸ್) ಒಂದಕ್ಕಿಂತ ದೊಡ್ಡದು, ಆದ್ದರಿಂದ ನಮ್ಮ ಫಂಕ್ಷನ್ 1/√ಎಕ್ಸ್‌ಗಿಂತ ಕೆಳಗಿರುತ್ತದೆ. ಆ 1/√ಎಕ್ಸ್‌ನ ವಿಸ್ತೀರ್ಣ 2. 1ರಿಂದಾಚೆ (1+ಎಕ್ಸ್) ಎಕ್ಸ್‌ಗಿಂತ ದೊಡ್ಡದು, ಹಾಗಾಗಿ ಫಂಕ್ಷನ್ ಎಕ್ಸ್‌ನ ಘಾತ 3/2 ಛೇದದಲ್ಲಿರುವ ಫಂಕ್ಷನ್‌ಗಿಂತ ಚಿಕ್ಕದು, ಅದರದ್ದೂ 2. ಎರಡೂ ಕನ್ವರ್ಜ್, ಮೊತ್ತ 4ಕ್ಕಿಂತ ಕಡಿಮೆ. ಎಕ್ಸ್ = ಟಿ² ಎಂದು ಬದಲಿಸಿದರೆ ನಿಖರ ಬೆಲೆಯೇ ಸಿಗುತ್ತದೆ: π. ಗಮನಿಸಿ, 0ಯ ಹತ್ತಿರ ನಿಯಮ ತಿರುವುಮುರುವು, ಅಲ್ಲಿ ಘಾತ 1ಕ್ಕಿಂತ ಕಡಿಮೆ ಇರಬೇಕು. ಸರಿಯಾಗಿ 1 ಇದ್ದರೆ ಎರಡೂ ಕಡೆ ಡೈವರ್ಜ್.

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೋಲಿಕೆಯ ದಿಕ್ಕು ತಪ್ಪಿದಾಗ. 1ರಿಂದ ಅನಂತದವರೆಗೆ 1/(1+ಎಕ್ಸ್) ಇದ್ದರೆ, ‘ಇದು 1/ಎಕ್ಸ್‌ಗಿಂತ ಚಿಕ್ಕದು, 1/ಎಕ್ಸ್ ಡೈವರ್ಜ್, ಆದ್ದರಿಂದ ಇದೂ ಡೈವರ್ಜ್’ ಎಂದು ಬರೆದುಬಿಡುತ್ತಾರೆ. ಡೈವರ್ಜ್ ಆಗುವುದಕ್ಕಿಂತ ಚಿಕ್ಕದು ಎಂದರೆ ಏನೂ ಹೇಳಿದಂತಾಗಲಿಲ್ಲ. ಎರಡರ ಅನುಪಾತ ತೆಗೆಯಿರಿ. ಎಕ್ಸ್ ಬೆಳೆದಂತೆ ಅದು 1ರ ಕಡೆ ಹೋಗುತ್ತದೆ. ಇಬ್ಬರೂ ಧನವಾಗಿದ್ದು, ಅನುಪಾತ ಸೊನ್ನೆಯಲ್ಲದ ಒಂದು ಸಂಖ್ಯೆಗೆ ನಿಂತರೆ ಒಬ್ಬರ ಗತಿಯೇ ಇನ್ನೊಬ್ಬರಿಗೂ.