ವಿನ್ಯಾಸ ವಿಚಾರ: ಕೊಟ್ಟೆ ಕಟ್ಟುವವರನ್ನು ಮೊದಲು ಕೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ವಿನ್ಯಾಸ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಮಳೆಗಾಲದಲ್ಲಿ ಕಾಯಿ ಕೊಳೆಯದಂತೆ ಅಡಿಕೆ ಕೊನೆಗೆ (ಗೊಂಚಲಿಗೆ) ಹೊದಿಸಿ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗೆ ಬದಲಾಗಿ ಮಣ್ಣಿನಲ್ಲಿ ಕರಗುವ ಹಾಳೆಯೊಂದನ್ನು ರೂಪಿಸುವುದು ನನ್ನ ಪ್ರಬಂಧದ ವಿಷಯ. ಮಳೆಯೇ ಹದ ತಪ್ಪಿ, ಗುಡ್ಡಗಳೇ ಜರಿಯುತ್ತಿರುವಾಗ ಇಂಥ ಸಣ್ಣ ಕೆಲಸದಿಂದ ಏನಾದೀತು? ವಿನ್ಯಾಸ ಸಂಶೋಧನೆಗೆ ಮುಂದೆ ಬೆಲೆ ಇರುತ್ತದೆಯೇ?
– ಓದುಗಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತ ಇರುತ್ತದೆ. ಆದರೆ ಹಾಳೆ ಯಾವುದಿರಬೇಕು ಎಂಬಲ್ಲಿಂದ ಶುರು ಮಾಡಬೇಡಿ. ಕರಡ ಹುಲ್ಲಿನಿಂದ ಹೆಣೆದ ಕೊಟ್ಟೆ ನಿಮ್ಮೂರಿನಿಂದ ಏಕೆ ಮರೆಯಾಯಿತು ಎಂಬುದನ್ನು ಮೊದಲು ಕೇಳಿ. ಸಾಗರದ ಕಡೆಯ ನಮ್ಮ ತೋಟದಲ್ಲಿ ಅಪ್ಪ ಬೇಸಿಗೆಯಲ್ಲಿ ಜಗಲಿಯ ಮೇಲೆ ಕೂತು ಕೊಟ್ಟೆ ಹೆಣೆಯುತ್ತಿದ್ದರು. ಕರಡ ಬರುತ್ತಿದ್ದದ್ದು ಹಳ್ಳದಾಚೆಯ ಬೇಣದಿಂದ, ಎಂದರೆ ಹುಲ್ಲುಗಾವಲಿನಿಂದ. ಆ ಬೇಣದಲ್ಲಿ ಈಗ ಅಕೇಶಿಯ ನಿಂತಿದೆ, ಅದರ ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ಮರ ಏರುವ ಕೊನೆಗಾರರೂ ಕಡಿಮೆಯಾದರು. ಇರುವವರು ಒಂದು ದಿನಕ್ಕೆ ಹತ್ತಾರು ತೋಟಗಳ ಕರೆಗೆ ಓಗೊಡಬೇಕು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದಾದ ಪ್ಲಾಸ್ಟಿಕ್ ಗೆದ್ದದ್ದು ಹೀಗೆ. ನೀವು ಎಷ್ಟೇ ಒಳ್ಳೆಯ ಹಾಳೆ ತಂದರೂ ಅದನ್ನು ಮರದ ತುದಿಯಲ್ಲಿ, ಒಂದು ಕೈಯಲ್ಲಿ ಮರ ಹಿಡಿದು, ಇನ್ನೊಂದರಲ್ಲಿ ಕಟ್ಟಬೇಕಾದವರು ಅವರು. ಅವರ ಕೈಗೆ ಒಗ್ಗದಿದ್ದರೆ ಅದು ಕೊಟ್ಟಿಗೆಯ ಅಟ್ಟ ಸೇರುತ್ತದೆ.

ಇನ್ನು ‘ಕರಗುವ’ ಎಂಬ ಮಾತು. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎಯಂಥ ಪ್ಲಾಸ್ಟಿಕ್ ಕೊಳೆಯಲು ಸುಮಾರು 60 ಡಿಗ್ರಿ ಬಿಸಿ ಹಿಡಿದಿಡುವ ದೊಡ್ಡ ಗೊಬ್ಬರ ಘಟಕ ಬೇಕು. ತೋಟದ ತಂಪು ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಬೇಗ ಕರಗುವಂಥದ್ದನ್ನು ತಂದರೆ ಪುಷ್ಯ ಮಳೆಯಲ್ಲೇ ಹರಿದು, ಕಾಯಿ ಕೊಳೆಸಿ ಉದುರಿಸುವ ಕೊಳೆರೋಗ ಜೋರಾಗಿರುವ ಹೊತ್ತಿನಲ್ಲಿ ಕೊನೆ ಬೆತ್ತಲೆಯಾಗುತ್ತದೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಪ್ರಯೋಗಾಲಯದ ನಲ್ಲಿ ನೀರು ಅದಕ್ಕೆ ಸಾಟಿಯಾಗದು. ಆರಿದ್ರೆಯಿಂದ ಆಶ್ಲೇಷ ಮಳೆಯವರೆಗೆ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಹಾಳೆ ಮರದ ಮೇಲಿರಲಿ. ಕಾಲೇಜಿನ ಸೆಮಿಸ್ಟರು ಅಷ್ಟರೊಳಗೆ ಮುಗಿಯುತ್ತದೆ ಎಂದರೆ ಮಾರ್ಗದರ್ಶಕರಲ್ಲಿ ಗಡುವು ವಿಸ್ತರಿಸಲು ಕೇಳಿ, ಪಟ್ಟು ಹಿಡಿದು ಕೇಳಿ. ಮಳೆಗಾಲವನ್ನು ಕಾಣದ ಮಲೆನಾಡಿನ ಸಂಶೋಧನೆಯನ್ನು ನಾನು ಒಪ್ಪಲಾರೆ.

ವಿನ್ಯಾಸದ ವಿಧಾನಗಳನ್ನೇ ಅಧ್ಯಯನ ಮಾಡಬೇಕೆಂದು ಲಂಡನ್ನಿನಲ್ಲಿ ಮೊದಲ ಸಮ್ಮೇಳನ ನಡೆದದ್ದು 1962ರಲ್ಲಿ. ಸಮಸ್ಯೆಯನ್ನು ಸರಿಯಾಗಿ ಬಿಡಿಸಿ ಬರೆದರೆ ಪರಿಹಾರ ಲೆಕ್ಕದಂತೆ ಬರುತ್ತದೆ ಎಂಬ ಭರವಸೆ ಆಗ ಬಲವಾಗಿತ್ತು. 1973ರಲ್ಲಿ ವಿನ್ಯಾಸ ಮತ್ತು ನಗರ ಯೋಜನೆಯ ಚಿಂತಕರಾದ ಹೋರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬರ್ ಅದನ್ನು ಅಲುಗಾಡಿಸಿದರು. ಸಮಾಜದ ಸಮಸ್ಯೆಗಳಲ್ಲಿ ಪ್ರತಿ ಪರಿಹಾರವೂ ಅಳಿಸಲಾಗದ ಗುರುತು ಬಿಟ್ಟುಹೋಗುತ್ತದೆ ಎಂದರು. ನಮ್ಮ ತೋಟಗಳಲ್ಲೇ ಇದಕ್ಕೆ ಸಾಕ್ಷಿಯಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅಂಟಿಗೆ ರಾಳ. ಎಷ್ಟೋ ಮನೆಗಳ ಅನ್ನ ಉಳಿಸಿದ ಕೆಲಸ ಅದು, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಕೊಳೆತು ಇಲ್ಲವಾಗುವುದಿಲ್ಲ, ವರ್ಷ ವರ್ಷ ಹೊಡೆದದ್ದು ಮೇಲ್ಮಣ್ಣಿನಲ್ಲಿ ಕೂಡುತ್ತಾ ಬರುತ್ತದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪೀಳಿಗೆಯ ವಿನ್ಯಾಸ ಸಂಶೋಧಕರು ವಸ್ತು ಮಾರಾಟವಾದ ದಿನಕ್ಕೆ ಕೆಲಸ ಮುಗಿಸುವಂತಿಲ್ಲ. ಅದು ಹರಿದ ಮೇಲೆ, ಮುರಿದ ಮೇಲೆ ಎಲ್ಲಿಗೆ ಹೋಯಿತು ಎಂದು ಹಿಂದೆ ಬಿದ್ದು ನೋಡಬೇಕು. ಊರಿನ ಒಂದು ಬೇಣದಲ್ಲಿ ಅಕೇಶಿಯ ತೆಗೆದು ಮತ್ತೆ ಕರಡ ಬೆಳೆಸುವುದೇ ಸರಿಯಾದ ಉತ್ತರ ಎಂದು ನಿಮಗೆ ಕಂಡುಬಂದರೆ, ಹೊಸ ಹಾಳೆ ಮಾಡದೆಯೇ ಪ್ರಬಂಧ ಮುಗಿಸಿ. ಅದೂ ವಿನ್ಯಾಸವೇ.

ಪ್ರಶ್ನೆ: ವಿನ್ಯಾಸವೆಂದರೆ ಚೆಂದಗಾಣಿಸುವುದು ತಾನೆ? ಅದಕ್ಕೆ ಸಂಶೋಧನೆ ಏಕೆ?
– ಓದುಗರು, ಶಿವಮೊಗ್ಗ

ಉತ್ತರ: ಅಸ್ತ್ರ ಒಲೆ ನೋಡಿದ್ದೀರಾ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಮನೆ ಮನೆಗೂ ಹೋಗಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಕಡಿಮೆ ಸೌದೆ, ಕಡಿಮೆ ಹೊಗೆಯ ಆ ಒಲೆಯ ಹಿಂದೆ ಇಂಥ ಅಳತೆಗಳಿವೆ. ಚೆಂದ ಆಮೇಲೆ ಬರಲಿ.

ಪ್ರಶ್ನೆ: ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಕೊಂಡಿದ್ದೇನೆ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಪರಿಸರಕ್ಕೆ ಇದು ಒಳ್ಳೆಯದೇ?
– ಓದುಗರು, ಹೊಸನಗರ

ಉತ್ತರ: ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ನಾನು ದೋಟಿಯ ಪರವಾಗಿದ್ದೇನೆ. ಮುರಿದಾಗ ಮಾತ್ರ ಪ್ರಶ್ನೆ ಏಳುತ್ತದೆ. ಅಲ್ಯೂಮಿನಿಯಂ ಆದರೆ ಗುಜರಿಗೆ ಹೋಗಿ ಕರಗಿ ಮತ್ತೆ ಪಾತ್ರೆಯಾದೀತು. ಇಲ್ಲಿ ಇಂಗಾಲದ ಎಳೆಗಳು ಗಟ್ಟಿಯಾದ ರೆಸಿನ್‌ನಲ್ಲಿ ಸೇರಿಹೋಗಿವೆ, ಕಾಯಿಸಿ ಕರಗಿಸಿ ಹೊಸದು ಎರೆಯಲು ಬರುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಒಂದೊಂದು ಕೊಳವೆ ಬಿಡಿಯಾಗಿ ಸಿಗುತ್ತದೆಯೇ, ಹಳೆಯ ತುಂಡನ್ನು ವಾಪಸು ಪಡೆಯುತ್ತಾರೆಯೇ ಎಂದು ಅಂಗಡಿಯಲ್ಲಿ ಕೇಳಬೇಕು. ಈಗಲೂ ಕೇಳಿ. ಹತ್ತು ಜನ ಕೇಳಿದರೆ ತಯಾರಕರಿಗೆ ಮುಟ್ಟುತ್ತದೆ. ಮುರಿದ ತುಂಡನ್ನು ಬಚ್ಚಲೊಲೆಗೆ ಹಾಕಬೇಡಿ, ಹೊಗೆಯ ಜೊತೆ ಸೂಕ್ಷ್ಮ ಎಳೆಗಳು ಎದ್ದು ಉಸಿರಿಗೆ ಸೇರುತ್ತವೆ. ಗರಗಸದಲ್ಲಿ ಕೊಯ್ಯಬೇಕಾದರೆ ಮೂಗು ಬಾಯಿಗೆ ಮಾಸ್ಕ್, ಕೈಗೆ ಗವಸು ಇರಲಿ. ಇನ್ನೊಂದು ಮಾತು, ಬಹಳ ಮುಖ್ಯವಾದದ್ದು: ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳ ಹತ್ತಿರ ಈ ದೋಟಿಯನ್ನು ಎತ್ತಲೇಬೇಡಿ, ಕೆಲಸಕ್ಕೆ ಬಂದವರಿಗೂ ಮುಂಚೆಯೇ ತಿಳಿಸಿ.