ತಂಗಿಯ ಬೆರಳ ತುದಿಗಳು

ಒಂಬತ್ತು ವರ್ಷದ ಮಗನಿಗೆ ಟೈಪ್ 1 ಮಧುಮೇಹವಿದೆಯೆಂದು ಗೊತ್ತಾದ ನಾಲ್ಕು ತಿಂಗಳ ನಂತರ ಈ ತಾಯಿ ನನ್ನಲ್ಲಿಗೆ ಬಂದರು (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ). ಜೊತೆಗಿದ್ದ ಐದು ವರ್ಷದ ಮಗಳು ಮೇಜಿನ ಮೇಲೆ ಕೈಯಿಟ್ಟಾಗ ಅವಳ ಬೆರಳ ತುದಿಗಳಲ್ಲಿಯೂ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು ಕಂಡವು. ಅಣ್ಣನ ಗ್ಲುಕೋಮೀಟರಿನಲ್ಲಿ ತಾಯಿ ದಿನವೂ ಅವಳ ರಕ್ತವನ್ನು ಪರೀಕ್ಷಿಸುತ್ತಿದ್ದರು.

"ನನ್ನ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಮಗನಿಗೆ ನಿನ್ನ ಕಡೆಯಿಂದಲೇ ಬಂತು ಎನ್ನುತ್ತಾರೆ" ಎಂದು ಹೇಳುತ್ತಲೇ ಅವರು ಅತ್ತುಬಿಟ್ಟರು. ಮೊದಲು ಬಿಡಿಸಬೇಕಾದ ಗಂಟು ಇದೇ ಎನಿಸಿತು. ಅಜ್ಜನಿಗೆ ಅರವತ್ತರ ಹೊತ್ತಿಗೆ ಬಂದದ್ದು ಟೈಪ್ 2. ಅದು ವಂಶದಲ್ಲಿ ಹರಿದುಬರುವ ಬಗೆಯೇ ಬೇರೆ. ಮಗನಲ್ಲಾದರೋ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡಿದೆ. ಇದಕ್ಕೆ ದಾರಿಮಾಡುವ ವಂಶವಾಹಿಗಳಲ್ಲಿ ಮುಖ್ಯವಾದ, ರೋಗನಿರೋಧಕ ವ್ಯವಸ್ಥೆಯ ಕೆಲಸಕ್ಕೆ ಸಂಬಂಧಿಸಿದ ಎಚ್‌ಎಲ್‌ಎ ಗುಂಪಿನವು ತಂದೆತಾಯಿ ಇಬ್ಬರಿಂದಲೂ ಬರುತ್ತವೆ, ಮತ್ತು ಅವುಗಳನ್ನು ಪಡೆದ ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಬರುವುದೇ ಇಲ್ಲ. ಟೈಪ್ 1 ಹೊಸದಾಗಿ ಪತ್ತೆಯಾಗುವ ಹೆಚ್ಚಿನ ಮಕ್ಕಳ ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗೂ ಅದು ಇರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಸಹ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಎನ್ನಲಾಗದು. ತಪ್ಪು ಹೊರಿಸಲು ಇಲ್ಲಿ ಯಾರೂ ಇಲ್ಲವೆಂದು ಸ್ಪಷ್ಟವಾಗಿಯೇ ಹೇಳಿದೆ.

ಮಗಳ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಿಲ್ಲ. ಅಣ್ಣನಿಗೋ ಅಕ್ಕನಿಗೋ ಟೈಪ್ 1 ಇರುವ ಮಕ್ಕಳಲ್ಲಿ 100ಕ್ಕೆ ಸುಮಾರು 5 ಮಂದಿಗೆ ಅದು ಬರಬಹುದು. ಇದು ಇತರ ಮಕ್ಕಳಿಗಿರುವ ಅಪಾಯಕ್ಕಿಂತ ಹಲವು ಪಟ್ಟು ಹೆಚ್ಚು. "ಹಾಗಾದರೆ ಉಳಿದ 95 ಮಂದಿಗೆ ಬರುವುದಿಲ್ಲ ಅಲ್ಲವೇ?" ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ.

ದಿನವೂ ಚುಚ್ಚುವುದನ್ನು ನಿಲ್ಲಿಸಿ ಎಂದೆ, ಏಕೆಂದರೆ ರಕ್ತದ ಸಕ್ಕರೆ ಏರುವುದು ಕಾಯಿಲೆ ಬಹಳ ಮುಂದುವರಿದ ಮೇಲೆಯೇ. ಅಣ್ಣನಿಗೆ ಬಳಸಿದ ಸೂಜಿಯನ್ನಂತೂ ಅವಳಿಗೆ ಎಂದೂ ಬಳಸಬಾರದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರುಕಳಿಸುವುದು, ತೂಕ ಇಳಿಯುವುದು ಕಂಡರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ರೋಗನಿರೋಧಕ ವ್ಯವಸ್ಥೆ ಬೀಟಾ ಕೋಶಗಳ ವಿರುದ್ಧ ತಿರುಗಿದೆಯೆಂದು ತೋರಿಸುವ ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿಸಬಹುದು; ಎರಡು ಅಥವಾ ಹೆಚ್ಚು ಬಗೆಯವು ಇದ್ದರೆ ಬಹುತೇಕರಿಗೆ ಮುಂದೊಮ್ಮೆ ಕಾಯಿಲೆ ಬರುತ್ತದೆ. ಅದನ್ನು ಶಾಶ್ವತವಾಗಿ ತಡೆಯುವ ಉಪಾಯ ಇನ್ನೂ ಇಲ್ಲವಾದರೂ, ಮುಂಚೆಯೇ ತಿಳಿದಿದ್ದರೆ ಮಗು, ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಆಮ್ಲ ತುಂಬಿಕೊಳ್ಳುವ ಕೀಟೋಆಸಿಡೋಸಿಸ್‌ನಿಂದ ತೀವ್ರವಾಗಿ ಅಸ್ವಸ್ಥಗೊಳ್ಳುವ ಸಂಭವ ಕಡಿಮೆಯಾಗುತ್ತದೆ.

ಮೂರನೆಯ ಭೇಟಿಗೆ ತಂದೆಯೂ ಬಂದಿದ್ದರು. ಅವರು ಪರೀಕ್ಷೆ ಬೇಕೆಂದರು. ತಾಯಿ ಇನ್ನಷ್ಟು ಸಮಯ ಕೇಳಿದರು. ಫಲಿತಾಂಶ ಹೇಗೆ ಬಂದರೂ ಅದನ್ನು ಮಗಳಿಗೆ ಯಾವ ಮಾತಿನಲ್ಲಿ ಹೇಳುವಿರೆಂದು ಇಬ್ಬರೂ ಕೂತು ಮಾತಾಡಿ, ಆಮೇಲೆ ನಿರ್ಧರಿಸಿ ಎಂದು ಹೇಳಿ ಕಳುಹಿಸಿದ್ದೇನೆ.